ದಿನಾ ಒಂದು ಲೋಟ ನೀರು ಹಾಕಿದರೂ ಗಿಡ ಯಾಕೆ ಸೊರಗುತ್ತಿದೆ?

ಪ್ರಶ್ನೆ: ಮೈಸೂರಿನ ಬೋಗಾದಿ ಕಡೆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ನಮ್ಮ ಮನೆ. ದಸರಾ ಫಲಪುಷ್ಪ ಪ್ರದರ್ಶನ ನೋಡಲು ಕುಪ್ಪಣ್ಣ ಪಾರ್ಕಿಗೆ ಹೋದಾಗ ಆಸೆಪಟ್ಟು ಐದು ಗಿಡ ತಂದೆ: ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್, ಪೀಸ್ ಲಿಲಿ, ಝಡ್‌ಝಡ್ ಪ್ಲಾಂಟ್. ಮೊದಲ ಸಲ ಗಿಡ ಸಾಕುತ್ತಿರುವುದು. ಪಕ್ಕದ ಮನೆ ಆಂಟಿ "ದಿನಾ ಬೆಳಿಗ್ಗೆ ಒಂದೊಂದು ಲೋಟ ನೀರು ಹಾಕಮ್ಮ, ಸಾಕು" ಅಂದರು. ಹಾಗೇ ಮಾಡಿದೆ. ವಾಟರ್ ಫಿಲ್ಟರಿನಿಂದ ಹೊರಗೆ ಹೋಗುವ ನೀರು ದಂಡವಾಗದಿರಲಿ ಎಂದು ಅದನ್ನೇ ಹಾಕುತ್ತಿದ್ದೇನೆ. ಈಗ ಡಿಸೆಂಬರ್. ಮನಿ ಪ್ಲಾಂಟಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಚೆಂದದ ಪಿಂಗಾಣಿ ಕುಂಡಕ್ಕೆ ಬದಲಾಯಿಸಿದ ಸ್ನೇಕ್ ಪ್ಲಾಂಟ್ ಬುಡದಲ್ಲಿ ಮೆತ್ತಗಾಗಿದೆ. ಅರೆಕಾದ ಎಲೆತುದಿಗಳು ಸುಟ್ಟಂತಾಗಿವೆ. ಪೀಸ್ ಲಿಲಿ ಜೋತುಬಿದ್ದಿದೆ. ಟಿವಿ ಸ್ಟ್ಯಾಂಡ್ ಮೂಲೆಯ ಝಡ್‌ಝಡ್‌ಗೆ ಮಾತ್ರ ನೀರು ಹಾಕುವುದೇ ಮರೆತುಹೋಗುತ್ತಿತ್ತು, ಅದೊಂದು ಚೆನ್ನಾಗಿದೆ. ಹಾಲ್‌ನ ಬಾಲ್ಕನಿ ಪಶ್ಚಿಮಕ್ಕಿದೆ, ಮಲಗುವ ಕೋಣೆಯ ಕಿಟಕಿ ಉತ್ತರಕ್ಕೆ, ಅಡುಗೆಮನೆಯದು ಪೂರ್ವಕ್ಕೆ. ಇವನ್ನು ಉಳಿಸಿಕೊಳ್ಳುವುದು ಹೇಗೆ? ಸಂಕ್ರಾಂತಿಗೆ ಹತ್ತು ದಿನ ಊರಿಗೆ ಹೋಗಬೇಕು, ಆಗ ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಆ ಟಿವಿ ಸ್ಟ್ಯಾಂಡಿನ ಮೂಲೆಯಲ್ಲಿ. ನೀರು ಹಾಕಲು ಮರೆತ ಗಿಡ ಚೆನ್ನಾಗಿದೆ, ತಪ್ಪದೆ ನೀರು ಕಂಡ ನಾಲ್ಕೂ ಸೊರಗಿವೆ. ನೀವು ಅಲಕ್ಷ್ಯ ಮಾಡಿಲ್ಲ, ಅಕ್ಕರೆ ಒಂದು ತೂಕ ಹೆಚ್ಚಾಗಿದೆ, ಅಷ್ಟೆ. ನಾಲ್ಕರಲ್ಲಿ ಮೂರನ್ನು ಖಂಡಿತ ಉಳಿಸಬಹುದು. ಸ್ನೇಕ್ ಪ್ಲಾಂಟಿನ ಬುಡ ಪೂರ್ತಿ ಹೋಗಿದ್ದರೂ ಅದರ ಎಲೆಯಿಂದ ಹೊಸ ಗಿಡ ಮಾಡಿಕೊಳ್ಳಬಹುದು.

ಮೊದಲು ಬೇರಿನ ವಿಷಯ. ಎಲೆಯಂತೆ ಬೇರೂ ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು. ಒಳ್ಳೆಯ ಮಣ್ಣಿನಲ್ಲಿ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ನೀರು ಹಾಕಿದಾಗ ಅವು ತುಂಬುತ್ತವೆ, ನೀರು ಇಳಿದಂತೆ ಗಾಳಿ ಒಳಬರುತ್ತದೆ. ದಿನಾ ಬೆಳಿಗ್ಗೆ ಲೋಟ ಬಗ್ಗಿಸಿದರೆ ಆ ಸಂದುಗಳು ಖಾಲಿಯಾಗುವುದೇ ಇಲ್ಲ. ಗಾಳಿಯಲ್ಲಿ ಸಾಗುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಸಾಗುತ್ತದೆ. ಹೀಗೆ ಉಸಿರುಕಟ್ಟಿದ ಬೇರು ಸಾಯುತ್ತದೆ, ಸತ್ತ ಬೇರಿಗೆ ಕೊಳೆರೋಗ ಹತ್ತುತ್ತದೆ. ಸತ್ತ ಬೇರು ನೀರು ಹೀರಲಾರದು, ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ನೋಡಿದವರಿಗೆ ಬಾಯಾರಿದಂತೆ ಕಾಣುತ್ತದೆ, ಇನ್ನೊಂದು ಲೋಟ ಹಾಕುತ್ತಾರೆ. ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ಈ ಸುಳಿಯಲ್ಲಿ ಸಿಕ್ಕಿ.

ಮಂಡ್ಯದ ಕಡೆ ನಾಲೆ ಬಯಲಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನೀರು ನಿಂತ ಗದ್ದೆಯಲ್ಲಿ ಭತ್ತ ನಳನಳಿಸುತ್ತಿರುತ್ತದೆ. ಅದೇ ನೀರು ಪಕ್ಕದ ಬಾಳೆತೋಟಕ್ಕೆ ನುಗ್ಗಿ ನಾಲ್ಕು ದಿನ ನಿಂತರೆ ಬಾಳೆ ಹಳದಿ ತಿರುಗುತ್ತದೆ. ಭತ್ತದ ಕಾಂಡ, ಬೇರುಗಳ ಒಳಗೆ ಎಲೆಯಿಂದ ಗಾಳಿ ಇಳಿಯುವ ಕೊಳವೆಗಳಿವೆ. ಬಾಳೆಗೆ ಆ ಅನುಕೂಲ ಅಷ್ಟಾಗಿಲ್ಲ, ನಿಮ್ಮ ಸ್ನೇಕ್ ಪ್ಲಾಂಟಿಗಂತೂ ಇಲ್ಲವೇ ಇಲ್ಲ.

ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಅಂಗಳದ ತುಳಸಿಕಟ್ಟೆಗೆ ಆ ಲೆಕ್ಕ ಸರಿ. ಅಲ್ಲಿ ಬಿಸಿಲು ಬೀಳುತ್ತದೆ, ಗಾಳಿ ಬೀಸುತ್ತದೆ, ಹಾಕಿದ ನೀರು ಸಂಜೆಯೊಳಗೆ ಆರುತ್ತದೆ. ಮನೆಯೊಳಗೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಗಿಡ ಕುಡಿಯುವುದೂ ಕಡಿಮೆ. 250 ಮಿಲಿ ಲೋಟವಾದರೆ ವಾರಕ್ಕೆ ಒಂದೂಮುಕ್ಕಾಲು ಲೀಟರ್ ಆಯಿತು. ಎಂಟಿಂಚಿನ ಕುಂಡದಲ್ಲಿರುವ ಮಣ್ಣೇ ಸುಮಾರು ನಾಲ್ಕು ಲೀಟರ್. ನೀವು ತಂದದ್ದು ದಸರಾದಲ್ಲಿ, ಹಿಂಗಾರಿನ ತೇವವಿರುವ ಕಾಲ. ಈಗ ಚಳಿ. ಮಣ್ಣು ಆರಲು ಒಂದು ದಿನವೂ ಸಿಕ್ಕಿಲ್ಲ.

ಇವತ್ತೇ ಮಾಡಬೇಕಾದ ಕೆಲಸ ಸ್ನೇಕ್ ಪ್ಲಾಂಟಿನದು, ಅದು ಕಾಯುವುದಿಲ್ಲ. ಹಳೆಯ ಪೇಪರ್ ಹಾಸಿ, ಕುಂಡ ಓರೆ ಮಾಡಿ ಗಿಡವನ್ನು ಮೆಲ್ಲಗೆ ಹೊರತೆಗೆಯಿರಿ. ಮೊದಲು ಮೂಸಿ ನೋಡಿ: ಆರೋಗ್ಯದ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ, ಕೊಳೆತದ್ದಕ್ಕೆ ಚರಂಡಿಯ ವಾಸನೆ. ನಲ್ಲಿಯ ಸಣ್ಣ ಧಾರೆಯಲ್ಲಿ ಮಣ್ಣು ತೊಳೆದು ಒಂದೊಂದು ಬೇರನ್ನೂ ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ಎಳೆಯಿರಿ. ಬದುಕಿರುವ ಬೇರು ಬಿಗಿಯಾಗಿರುತ್ತದೆ, ಬಿಳಿ ಅಥವಾ ತಿಳಿ ಕಿತ್ತಳೆ ಬಣ್ಣ. ಸತ್ತ ಬೇರಾದರೆ ಮೇಲಿನ ಸಿಪ್ಪೆ ಕಾಲುಚೀಲದಂತೆ ಕಳಚಿ ಬೆರಳಿಗೆ ಬರುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಅಂಥದ್ದೆಲ್ಲ ಕತ್ತರಿಸಿ. ಬೇರುಗಳ ನಡುವೆ ಹಸಿಶುಂಠಿಯಂಥ ದಪ್ಪ ಗೆಡ್ಡೆ ಕಾಣುತ್ತದೆ. ಅದನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಗಿಡ ಉಳಿಯಿತು. ಮೆತ್ತಗೆ ಕಂದಾಗಿದ್ದರೆ ಆ ಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ, ಒಳಗೆ ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆಯಿರಿ. ಉಳಿದದ್ದನ್ನು ನೆರಳಲ್ಲಿ, ಗಾಳಿಯಾಡುವಲ್ಲಿ ಎರಡು ಮೂರು ದಿನ ಹಾಗೇ ಬಿಡಿ. ಗಾಯ ಒಣಗಿ ಹಕ್ಕಳೆಗಟ್ಟಬೇಕು. ಆಮೇಲೆ ಐದಾರು ಇಂಚಿನ, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಡಿ. ನೆಟ್ಟ ದಿನ ನೀರು ಹಾಕಬೇಡಿ. ಒಂದು ವಾರ ಬಿಟ್ಟು ಮೊದಲ ನೀರು.

ಗೆಡ್ಡೆ ಪೂರ್ತಿ ಹೋಗಿದ್ದರೆ ಎಲೆಯ ಗಟ್ಟಿ ಭಾಗವನ್ನು ಮೂರು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ. ಯಾವ ತುದಿ ಕೆಳಗಿತ್ತು ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ಎರಡು ಮೂರು ದಿನ ಒಣಗಿಸಿ ಒಂದಿಂಚು ಆಳಕ್ಕೆ ಚುಚ್ಚಿಡಿ. ಬೇರು ಬರಲು ಒಂದು ಒಂದೂವರೆ ತಿಂಗಳು, ಹೊಸ ಮೊಳಕೆ ಕಾಣಲು ಎರಡರಿಂದ ನಾಲ್ಕು ತಿಂಗಳು. ಚಳಿಯಲ್ಲಿ ಇನ್ನೂ ನಿಧಾನ. ಒಂದು ವಿಷಯ ಮೊದಲೇ ತಿಳಿದಿರಲಿ: ನಿಮ್ಮದು ಹಳದಿ ಅಂಚಿನ ಜಾತಿಯಾಗಿದ್ದರೆ, ಎಲೆ ತುಂಡಿನಿಂದ ಬರುವ ಮರಿಗಳಲ್ಲಿ ಆ ಅಂಚು ಇರುವುದಿಲ್ಲ, ಬರೀ ಹಸಿರು ಬರುತ್ತವೆ. ಅಂಚು ಉಳಿಯಬೇಕಾದರೆ ಗೆಡ್ಡೆಯಿಂದಲೇ ಭಾಗ ಮಾಡಬೇಕು.

ಆ ಪಿಂಗಾಣಿ ಕುಂಡದ ತಳದಲ್ಲಿ ತೂತಿದೆಯೇ ನೋಡಿ. ಇಲ್ಲದಿದ್ದರೆ ಅದರಲ್ಲಿ ನೇರವಾಗಿ ಯಾವ ಗಿಡವನ್ನೂ ನೆಡಬೇಡಿ. ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು, ಅದನ್ನು ಪಿಂಗಾಣಿಯೊಳಗೆ ಇಳಿಸಿಡಿ. ನೀರು ಹಾಕುವಾಗ ಸಿಂಕಿಗೆ ಒಯ್ದು ಹಾಕಿ, ಅರ್ಧ ಗಂಟೆ ಸೋರಲು ಬಿಟ್ಟು, ಮತ್ತೆ ಒಳಗಿಡಿ. ತಳದಲ್ಲಿ ಒಂದು ಪದರ ಜಲ್ಲಿ ಹಾಕಿದರೆ ತೂತು ಬೇಡ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ನುಣ್ಣಗಿನ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ನೆನೆದು ತುಂಬುವವರೆಗೆ ಅಲ್ಲೇ ನಿಲ್ಲುತ್ತದೆ. ಎರಡಿಂಚು ಜಲ್ಲಿ ಹಾಕಿದರೆ ಕೆಸರಿನ ಪದರವನ್ನು ಎರಡಿಂಚು ಮೇಲಕ್ಕೆತ್ತಿ ಬೇರಿನ ಹತ್ತಿರ ತಂದಂತೆ. ಮಣ್ಣು ಜಾರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ಇನ್ನು ನೀರು ಹಾಕುವ ಕ್ರಮ. ಕ್ಯಾಲೆಂಡರ್ ನೋಡಿ ಹಾಕಬೇಡಿ, ಬೆರಳಿಟ್ಟು ನೋಡಿ ಹಾಕಿ. ನಡುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ತುದಿಗೆ ತಣ್ಣಗೆ ತಗುಲಿ ಮಣ್ಣು ಅಂಟಿಕೊಂಡು ಬಂದರೆ ಇವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಮನಿ ಪ್ಲಾಂಟ್, ಅರೆಕಾಗಳಿಗೆ ನೀರಿನ ಹೊತ್ತಾಯಿತು. ಪೀಸ್ ಲಿಲಿಗೆ ಇಷ್ಟು ಕಾಯಬೇಕಿಲ್ಲ, ಮೊದಲ ಗೆಣ್ಣಿನಷ್ಟು ಒಣಗಿದರೆ ಸಾಕು. ಸ್ನೇಕ್ ಪ್ಲಾಂಟಿಗೂ ಝಡ್‌ಝಡ್‌ಗೂ ಬೆರಳು ಸಾಲದು. ತೆಂಗಿನ ಗರಿಯ ಕಡ್ಡಿಯನ್ನು ತಳದವರೆಗೆ ಇಳಿಸಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಪೂರ್ತಿ ಒಣಗಿ ಬಂದರೆ ಮಾತ್ರ ನೀರು. ಇದರ ಜೊತೆಗೆ ಕುಂಡ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ದಿನ ಒಮ್ಮೆ ಎತ್ತಿ, ವಾರ ಬಿಟ್ಟು ಒಮ್ಮೆ ಎತ್ತಿ. ಸಿಲಿಂಡರ್ ಅಲ್ಲಾಡಿಸಿ ಗ್ಯಾಸ್ ಎಷ್ಟು ಉಳಿದಿದೆ ಎಂದು ಹೇಳುವ ಕೈಗೆ ಈ ತೂಕ ಒಂದೇ ತಿಂಗಳಲ್ಲಿ ರೂಢಿಯಾಗುತ್ತದೆ.

ಹಾಕುವಾಗ ಮಾತ್ರ ಸರಿಯಾಗಿ ಹಾಕಿ. ಎಂಟಿಂಚಿನ ಕುಂಡಕ್ಕೆ ಮುಕ್ಕಾಲು ಲೀಟರಿನಷ್ಟು ನೀರನ್ನು ಸುತ್ತಲೂ ನಿಧಾನವಾಗಿ, ತಳದ ತೂತಿನಿಂದ ಸೋರುವವರೆಗೆ ಹಾಕಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕುವುದರಲ್ಲಿ ಇನ್ನೊಂದು ತೊಂದರೆಯಿದೆ: ಬೆಳಕಿರುವ ಜಾಗದಲ್ಲಿ ಮೇಲಿನ ಎರಡಿಂಚು ಮಾತ್ರ ನೆನೆದು ಕೆಳಗಿನ ಬೇರು ಒಣಗುತ್ತದೆ, ಕತ್ತಲಿನ ಜಾಗದಲ್ಲಿ ತಳ ಆರುವುದೇ ಇಲ್ಲ. ತಟ್ಟೆಗೆ ಸೋರಿದ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಬೇರಿಗೂ ಒಳ್ಳೆಯದು, ಡೆಂಗಿ ಸೊಳ್ಳೆಗೂ ಎಡೆ ಸಿಗುವುದಿಲ್ಲ. ಆ ಸೊಳ್ಳೆ ಮೊಟ್ಟೆಯಿಟ್ಟು ಮರಿ ಹಾರಿಹೋಗಲು ಒಂದು ವಾರ ಹತ್ತು ದಿನ ಸಾಕು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ, ಆಗ ನೀರು ಹಾಕುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ.

ಅರೆಕಾದ ಸುಟ್ಟ ತುದಿಗಳಿಗೆ ಕಾರಣ ಫಿಲ್ಟರಿನ ನೀರು ಎಂಬುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ನಿಮ್ಮ ಫಿಲ್ಟರಿನಂಥ ಆರ್‌ಒ ಯಂತ್ರ ನೀರಿನ ಉಪ್ಪನ್ನು ನಾಶ ಮಾಡುವುದಿಲ್ಲ, ಕುಡಿಯುವ ನೀರಿನಿಂದ ತೆಗೆದು ಹೊರಹೋಗುವ ನೀರಿಗೆ ಸೇರಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಲವಣವಿದೆ, ಯಂತ್ರ ಅದನ್ನು ಅರ್ಧಕ್ಕರ್ಧ ಭಾಗ ಮಾಡುತ್ತದೆ, ಕುಡಿಯುವ ಭಾಗದಲ್ಲಿ 50 ಉಳಿಯುತ್ತದೆ ಎಂದುಕೊಳ್ಳಿ. ಆಗ ಹೊರಹೋಗುವ ಭಾಗದಲ್ಲಿ 1,150 ಇರುತ್ತದೆ. ಗಿಡ ನೀರನ್ನು ಹೀರಿಕೊಂಡು ಹೆಚ್ಚಿನ ಉಪ್ಪನ್ನು ಮಣ್ಣಲ್ಲೇ ಬಿಡುತ್ತದೆ. ಹೀರಿದ ಅಷ್ಟಿಷ್ಟು ಎಲೆಯ ತುದಿಗೆ ಹೋಗಿ ಸೇರುತ್ತದೆ. ಅದಕ್ಕೇ ತುದಿ ಮೊದಲು ಸುಡುವುದು. ಕುಂಡದ ಅಂಚಿನಲ್ಲಿ ಸುಣ್ಣದಂಥ ಬಿಳಿ ಕಲೆ ಕಂಡರೆ ಇದೇ ಸಂಗತಿ. ನೀರು ದಂಡ ಮಾಡಬಾರದೆಂಬ ನಿಮ್ಮ ಕಾಳಜಿ ದೊಡ್ಡದು. ಆ ನೀರನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ. ಗಿಡಗಳಿಗೆ ಕಾವೇರಿ, ಕಬಿನಿಯ ನಲ್ಲಿ ನೀರು ಬಂದಾಗ ಒಂದು ಬಕೆಟ್ ಹಿಡಿದಿಡಿ. ಮೈಸೂರಿಗೆ ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಒಳ್ಳೆಯ ಮಳೆ ಬರುತ್ತದೆ, ಬಾಲ್ಕನಿಯಲ್ಲೇ ಬಕೆಟ್ ಇಟ್ಟು ಹಿಡಿಯಬಹುದು. ಬೋರ್ ನೀರು ಬಿಟ್ಟರೆ ಬೇರೆ ಗತಿಯಿಲ್ಲದವರು ಮಳೆನೀರನ್ನು ಅರ್ಧಕ್ಕರ್ಧ ಬೆರೆಸಿ ಹಾಕಲಿ.

ಈಗಾಗಲೇ ಸೇರಿರುವ ಉಪ್ಪನ್ನು ತೊಳೆದು ತೆಗೆಯಬೇಕು. ಅರೆಕಾದ ಮಣ್ಣು ಸ್ವಲ್ಪ ಒಣಗಲಿ. ಆಮೇಲೆ ಕುಂಡವನ್ನು ಬಚ್ಚಲಲ್ಲಿಟ್ಟು, ಹತ್ತಿಂಚಿನದಾದರೆ ಒಂದು ಬಕೆಟ್ (15–18 ಲೀಟರ್) ಒಳ್ಳೆಯ ನೀರನ್ನು ಮಗ್ಗಿನಲ್ಲಿ ಅರ್ಧ ಗಂಟೆಯ ಅವಧಿಯಲ್ಲಿ ಬಿಟ್ಟು ಬಿಟ್ಟು ಸುರಿಯಿರಿ. ಕುಂಡ ಹಿಡಿಸುವಷ್ಟರ ಎರಡು ಪಟ್ಟು ನೀರು ಹಾದುಹೋಗಬೇಕು ಎಂಬುದು ಲೆಕ್ಕ. ಪೂರ್ತಿ ಸೋರಿದ ಮೇಲೆ ಗಾಳಿ ಬೆಳಕಿರುವಲ್ಲಿಡಿ. ನೀರು ಸರಾಗವಾಗಿ ಇಳಿಯದಿದ್ದರೆ ತೊಳೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಮಣ್ಣು ಬದಲಾಯಿಸಬೇಕು. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಎಲೆಯ ಮೊನಚಿನ ಆಕಾರಕ್ಕೇ ಓರೆಯಾಗಿ, ಕೂದಲೆಳೆಯಷ್ಟು ಕಂದು ಅಂಚು ಬಿಟ್ಟು ಕತ್ತರಿಸಿ. ಹಸಿರಿಗೆ ಕತ್ತರಿ ತಗುಲಿದರೆ ಅಲ್ಲಿಂದ ಮತ್ತೆ ಒಣಗುತ್ತದೆ.

ಮಣ್ಣಿನ ವಿಷಯದಲ್ಲಿ ನರ್ಸರಿಯಿಂದ ಬಂದ ಗಿಡದ ಬುಡವನ್ನೊಮ್ಮೆ ಮುಟ್ಟಿ ನೋಡಿ. ನಮ್ಮಲ್ಲಿ ಮಾರುವ ಎಷ್ಟೋ ಗಿಡಗಳು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳ ಕಡೆಯಿಂದ ಬರುತ್ತವೆ. ಲಾರಿಯಲ್ಲಿ ದೂರ ಸಾಗಿಸುವಾಗ ಬೇರು ಅಲುಗಾಡದಿರಲೆಂದು ಜಿಗುಟು ಮಣ್ಣಿನಲ್ಲಿ ಬಿಗಿಯಾಗಿ ಕಟ್ಟಿರುತ್ತಾರೆ. ಅರೆಕಾದಲ್ಲಿ ಇದು ಸಾಮಾನ್ಯ. ಒಣಗಿದಾಗ ಇಟ್ಟಿಗೆ, ನೆನೆದಾಗ ರಾಗಿಮುದ್ದೆ. ಅದನ್ನು ಹಾಗೇ ಹಗುರ ಮಣ್ಣಿನ ನಡುವೆ ನೆಟ್ಟರೆ, ಸುತ್ತ ಒಣಗಿದ್ದರೂ ನಡುವಿನ ಮುದ್ದೆ ಒದ್ದೆಯಾಗೇ ಇರುತ್ತದೆ. ಒಮ್ಮೆ ಪೂರ್ತಿ ಒಣಗಿತೆಂದರೆ ನೀರು ಒಳಗಿಳಿಯದೆ ಸುತ್ತಲಿನಿಂದ ಜಾರಿಹೋಗುತ್ತದೆ. ಬುಡವನ್ನು ಬಕೆಟ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಹೊರಗಿನ ಮೂರನೇ ಒಂದು ಭಾಗದಷ್ಟು ಮಣ್ಣನ್ನು ಬೆರಳಲ್ಲಿ ಬಿಡಿಸಿ ತೆಗೆಯಿರಿ. ಪೂರ್ತಿ ಬಿಡಿಸಲು ಹೋಗಬೇಡಿ, ಎಳೆ ಬೇರುಗಳು ಹರಿದುಹೋಗುತ್ತವೆ. ಉಳಿದದ್ದನ್ನು ಮುಂದಿನ ವರ್ಷ ಕುಂಡ ಬದಲಿಸುವಾಗ ನೋಡಿಕೊಳ್ಳಬಹುದು. ಇನ್ನು ಮುಂದೆ ಗಿಡ ತಂದ ದಿನವೇ ಕುಂಡ ಬದಲಿಸಬೇಡಿ, ಹೊಸ ಮನೆಯ ಬೆಳಕಿಗೆ ಒಗ್ಗಲು ಎರಡು ವಾರ ಬಿಡಿ.

ಎಂಟಿಂಚಿನ ಕುಂಡಕ್ಕೆ ಒಂದು ಲೀಟರಿನ ಮಗ್ಗಿನ ಅಳತೆಯಲ್ಲಿ ಹೀಗೆ ಬೆರೆಸಿ: ನೆನೆಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು, ಜರಡಿ ಹಿಡಿದ ಕೆಮ್ಮಣ್ಣು ಒಂದು, ಎರೆಗೊಬ್ಬರ ಒಂದು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ಭತ್ತದ ಹೊಟ್ಟಿನ ಕರಿ ಒಂದು, ಎರಡು ಚಮಚ ಬೇವಿನ ಹಿಂಡಿ. ಮನಿ ಪ್ಲಾಂಟ್, ಪೀಸ್ ಲಿಲಿ, ಅರೆಕಾ ಮೂರಕ್ಕೂ ಇದು ಆಗುತ್ತದೆ. ಸ್ನೇಕ್ ಪ್ಲಾಂಟಿಗೂ ಝಡ್‌ಝಡ್‌ಗೂ ಕೆಮ್ಮಣ್ಣು ಎರಡು, ಬಟಾಣಿ ಗಾತ್ರದ ಇಟ್ಟಿಗೆ ಚೂರು ಅಥವಾ ದಪ್ಪ ಮರಳು ಎರಡು, ಹೊಟ್ಟಿನ ಕರಿ ಒಂದು, ಎರೆಗೊಬ್ಬರ ಅರ್ಧ. ಎಂ-ಸ್ಯಾಂಡ್ ಬಳಸುವುದಾದರೆ ಅದರ ನುಣುಪು ಧೂಳನ್ನು ತೊಳೆದು ತೆಗೆಯಲೇಬೇಕು, ಇಲ್ಲವಾದರೆ ಸಿಮೆಂಟಿನಂತೆ ಕೂರುತ್ತದೆ. 650 ಗ್ರಾಂನ ಕೋಕೋಪೀಟ್ ಇಟ್ಟಿಗೆಗೆ ಸುಮಾರು ನಾಲ್ಕು ಲೀಟರ್ ನೀರು ಬೇಕು, ಅರಳಿ ಎಂಟು ಒಂಬತ್ತು ಲೀಟರ್ ಆಗುತ್ತದೆ. ಅದರಲ್ಲೂ ಉಪ್ಪಿರುತ್ತದೆ, ಎರಡು ಸಲ ನೀರು ಬದಲಿಸಿ ಹಿಂಡಿ ಬಳಸಿ. ಹೊಟ್ಟು ಮಂಡ್ಯದ ಕಡೆ ಯಾವ ಅಕ್ಕಿ ಗಿರಣಿಯಲ್ಲೂ ಸಿಗುತ್ತದೆ. ನಿಮಗೆ ಬೇಕಾದ್ದು ಕಪ್ಪಗೆ ಕರಿಯಾದದ್ದು. ಬೆಳ್ಳಗೆ ಬೂದಿಯಾದದ್ದು ಕ್ಷಾರ, ಅದು ಬೇಡ. ಹಸಿ ಹೊಟ್ಟು ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾನೇ ಕಬಳಿಸುತ್ತದೆ. ಬೆರೆಸಿ ತುಂಬಿದ ಮೇಲೆ ಒಂದು ಮಗ್ ನೀರು ಹಾಕಿ ನೋಡಿ. ಒಂದು ನಿಮಿಷವಾದರೂ ನೀರು ಮೇಲೆಯೇ ನಿಂತಿದ್ದರೆ ಮಿಶ್ರಣ ಬಿಗಿಯಾಯಿತು, ಇನ್ನಷ್ಟು ಹೊಟ್ಟಿನ ಕರಿ ಸೇರಿಸಿ. ಕುಂಡ ಹಳೆಯದಕ್ಕಿಂತ ಒಂದೆರಡು ಇಂಚು ಮಾತ್ರ ಅಗಲವಿರಲಿ. ಚಿಕ್ಕ ಗಿಡಕ್ಕೆ ದೊಡ್ಡ ಕುಂಡವಾದರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಿರುತ್ತದೆ.

ಬೆಳಕಿನ ಬಗ್ಗೆ ಓದುವಾಗ ಒಂದು ಎಚ್ಚರ ಬೇಕು. ಅಮೆರಿಕ, ಯೂರೋಪಿನ ಸಲಹೆಗಳಲ್ಲಿ 'ದಕ್ಷಿಣದ ಕಿಟಕಿಗೇ ಹೆಚ್ಚು ಬೆಳಕು' ಎಂದಿರುತ್ತದೆ. ಅದು ಅಲ್ಲಿಗೆ ಸರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ನಿಮ್ಮ ಉತ್ತರದ ಕಿಟಕಿಯ ಬಳಿಯೂ ಬೆಳಕು ಚೆನ್ನಾಗಿರುತ್ತದೆ. ಡಿಸೆಂಬರಿನಲ್ಲಿ ಅದೇ ಕಿಟಕಿ ವರ್ಷದಲ್ಲೇ ಅತಿ ಮಂಕು. ಆದ್ದರಿಂದ ಗಿಡದ ಜಾಗ ವರ್ಷವಿಡೀ ಒಂದೇ ಇರಬೇಕಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಮಸುಕಾದರೂ ಎಣಿಸುವಂತಿದ್ದರೆ ಬೆಳಕು ಸಾಕು. ನೆರಳೇ ಕಾಣದಿದ್ದರೆ ಝಡ್‌ಝಡ್ ಕೂಡ ಅಲ್ಲಿ ಹೇಗೋ ದಿನ ದೂಡುತ್ತದೆಯೇ ಹೊರತು ಬೆಳೆಯುವುದಿಲ್ಲ. ಸೊಳ್ಳೆಪರದೆ, ಬಣ್ಣದ ಗಾಜು ಇದ್ದರೆ ಬೆಳಕು ಇನ್ನಷ್ಟು ತಗ್ಗುತ್ತದೆ ಎಂಬುದು ನೆನಪಿರಲಿ.

ನಿಮ್ಮ ಮನೆಗೆ ನಾನು ಹೇಳುವುದಾದರೆ: ಮನಿ ಪ್ಲಾಂಟನ್ನು ಅಡುಗೆಮನೆಯ ಪೂರ್ವದ ಕಿಟಕಿಗೆ ತನ್ನಿ, ಒಲೆಯಿಂದ ದೂರ. ಎಳೆಬಿಸಿಲು ಅದಕ್ಕೆ ಚೆನ್ನಾಗಿ ಹಿಡಿಸುತ್ತದೆ. ಅರೆಕಾ ಮತ್ತು ಸ್ನೇಕ್ ಪ್ಲಾಂಟ್ ಬಾಲ್ಕನಿ ಬಾಗಿಲಿನಿಂದ ಎರಡು ಮೂರು ಅಡಿ ಒಳಗಿರಲಿ. ಫೆಬ್ರವರಿ ಬಂದ ಮೇಲೆ ಅರೆಕಾವನ್ನು ಇನ್ನೂ ಎರಡಡಿ ಹಿಂದಕ್ಕೆ ಸರಿಸಿ, ಬೇಸಿಗೆಯ ಮಧ್ಯಾಹ್ನ ಎರಡರಿಂದ ಐದರ ಪಶ್ಚಿಮದ ಬಿಸಿಲು ಎಲೆಯ ಮೇಲೆ ಬಿಳಿಚಿದ ಗಾಯ ಮಾಡುತ್ತದೆ. ಪೀಸ್ ಲಿಲಿ ಉತ್ತರದ ಕಿಟಕಿಗೆ ಅಂಟಿಕೊಂಡಂತೆ ಇರಲಿ. ಝಡ್‌ಝಡ್ ತನ್ನ ಮೂಲೆಯಲ್ಲೇ ಇರಬಹುದು, ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ. ಆದರೆ ಅದನ್ನೂ ಬಾಗಿಲ ಬೆಳಕಿಗೆ ತಂದರೆ ಹೊಸ ಕಡ್ಡಿಗಳು ಬೇಗ ಬರುತ್ತವೆ.

ಮನಿ ಪ್ಲಾಂಟಿನಲ್ಲಿ ಬುಡದ ಒಂದೆರಡು ಹಳೆಯ ಎಲೆ ಹಳದಿಯಾದರೆ ಅದು ಸಹಜ. ಒಟ್ಟೊಟ್ಟಿಗೆ ನಾಲ್ಕಾರು ಉದುರುತ್ತಿದ್ದರೆ ಬೇರು ಕೆಟ್ಟಿದೆ ಎಂದೇ ತಿಳಿಯಿರಿ. ಗಿಡ ಪೂರ್ತಿ ಹೋಗುವ ಮೊದಲು ಗಟ್ಟಿ ಬಳ್ಳಿಯಿಂದ ಎರಡೆರಡು ಗೆಣ್ಣಿರುವ ತುಂಡು ಕತ್ತರಿಸಿಕೊಳ್ಳಿ. ಕಬ್ಬಿನ ಬಿತ್ತನೆ ತುಂಡು ನೋಡಿದವರಿಗೆ ಇದು ಹೊಸದಲ್ಲ: ಬೇರೂ ಮೊಳಕೆಯೂ ಬರುವುದು ಗೆಣ್ಣಿನಿಂದಲೇ, ಗೆಣ್ಣಿಲ್ಲದ ಎಲೆಯನ್ನು ನೀರಲ್ಲಿಟ್ಟರೆ ಗಿಡವಾಗುವುದಿಲ್ಲ. ಕೆಳಗಿನ ಗೆಣ್ಣಿನ ಎಲೆ ಕಿತ್ತು, ಆ ಗೆಣ್ಣು ಮುಳುಗುವಂತೆ ನೀರಿನ ಬಾಟಲಿಯಲ್ಲಿಡಿ. ಬಣ್ಣದ ಬಾಟಲಿಯಾದರೆ ಪಾಚಿ ಕಡಿಮೆ. ನೀರು ವಾರಕ್ಕೊಮ್ಮೆ ಬದಲಾಯಿಸಿ, ಇಲ್ಲಿಯೂ ಸೊಳ್ಳೆಯ ಮಾತಿದೆ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ, ಅದು ಎರಡಿಂಚಾದಾಗ ಮಣ್ಣಿಗೆ ಹಾಕಿ.

ಪೀಸ್ ಲಿಲಿ ಜೋತುಬಿದ್ದಾಗ ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ಮೊದಲು ಮಣ್ಣು ಮುಟ್ಟಿ. ಒಣಗಿದ್ದರೆ ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ನಿಮ್ಮದರಂತೆ ಒದ್ದೆಯಿದ್ದೂ ಜೋತಿದ್ದರೆ ಸ್ನೇಕ್ ಪ್ಲಾಂಟಿಗೆ ಮಾಡಿದಂತೆಯೇ ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಆದರೆ ಇದನ್ನು ಒಣಗಿಸಿಡಬಾರದು, ತಕ್ಷಣ ನೆಟ್ಟು ಹದವಾಗಿ ನೀರು ಹಾಕಬೇಕು. ಬೇರು ಅರ್ಧ ಹೋಗಿದ್ದರೆ ಎಲೆಯನ್ನೂ ಮೂರನೇ ಒಂದು ಭಾಗ ತೆಗೆಯಿರಿ, ಉಳಿದ ಬೇರಿಗೆ ಹೊರೆ ಕಡಿಮೆಯಾಗುತ್ತದೆ. ಬಿಳಿ ಹೂ ಕೆಲವು ವಾರಗಳಲ್ಲಿ ಹಸಿರಾಗುವುದು ರೋಗವಲ್ಲ.

ಸೊರಗಿದ ಗಿಡಕ್ಕೆ ಗೊಬ್ಬರ ಕೊಡಬೇಡಿ. ಕೆಟ್ಟ ಬೇರಿಗೆ ಗೊಬ್ಬರವೂ ಉಪ್ಪೇ. ಹೊಸ ಚಿಗುರು ಕಂಡ ಮೇಲೆ, ಅಂದರೆ ಫೆಬ್ರವರಿ ಮಾರ್ಚಿನಿಂದ, ಎರಡು ತಿಂಗಳಿಗೊಮ್ಮೆ ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ. ಅಥವಾ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದ) ಗೊಬ್ಬರ ಲೀಟರಿಗೆ ಒಂದು ಗ್ರಾಂನಂತೆ ಮೂರು ವಾರಕ್ಕೊಮ್ಮೆ, ತೇವವಿರುವ ಮಣ್ಣಿಗೆ. ಅಕ್ಕಿ ತೊಳೆದ ನೀರು, ಕಾಫಿ ಚರಟ, ಮೊಟ್ಟೆ ಸಿಪ್ಪೆಗಳನ್ನು ಮನೆಯೊಳಗಿನ ಕುಂಡಕ್ಕೆ ನೇರವಾಗಿ ಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅವು ಕೊಳೆಯುವಾಗ ಬೂಷ್ಟು ಹಿಡಿದು ಸಣ್ಣ ಕರಿ ನೊಣಗಳು ಏಳುತ್ತವೆ. ಕಾಂಪೋಸ್ಟ್ ಡಬ್ಬಿಗೆ ಹಾಕಿದರೆ ಅವೇ ಒಳ್ಳೆಯ ಗೊಬ್ಬರವಾಗುತ್ತವೆ.

ಎಲೆಗಳನ್ನು ಎರಡು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರಬೇಡಿ, ಧೂಳು ಅಂಟುತ್ತದೆ. ಒರೆಸುವಾಗಲೇ ಹುಳದ ತಪಾಸಣೆಯೂ ಆಗುತ್ತದೆ. ಎಲೆಯ ಸಂದಿನಲ್ಲಿ ಹತ್ತಿಯಂಥ ಬಿಳಿ ಗಂಟು ಕಂಡರೆ ಹಿಟ್ಟು ತಿಗಣೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಬೇಸಿಗೆಯಲ್ಲಿ ಅರೆಕಾದ ಎಲೆಯಡಿ ನಯವಾದ ಬಲೆ, ಸೂಜಿಮೊನೆಯಂಥ ಚುಕ್ಕೆ ಕಂಡರೆ ನುಸಿ. ಎಲೆಯಡಿಗೆ ನೀರು ರಾಚಿ ತೊಳೆದು, ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ 5 ಮಿಲಿ ಬೇವಿನೆಣ್ಣೆ, ಒಂದೆರಡು ಮಿಲಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಮೊದಲು ಒಂದು ಎಲೆಗೆ ಹಾಕಿ ಒಂದು ದಿನ ಕಾದು ನೋಡಿ.

ಮನೆಗೆ ಚಿಕ್ಕ ಮಕ್ಕಳು ಬರುತ್ತಿದ್ದರೆ ಮನಿ ಪ್ಲಾಂಟ್, ಪೀಸ್ ಲಿಲಿ, ಝಡ್‌ಝಡ್ ಅವರ ಕೈಗೆಟುಕದಂತಿರಲಿ. ಮೂರೂ ಕೆಸುವಿನ ಕುಲದವು. ಹಸಿ ಕೆಸುವಿನೆಲೆ ಗಂಟಲಲ್ಲಿ ಹೇಗೆ ಕೆರೆಯುತ್ತದೋ ಅದೇ ಸೂಜಿಯಂಥ ಹರಳುಗಳು ಇವುಗಳಲ್ಲೂ ಇವೆ. ಗಾಳಿ ಶುದ್ಧವಾಗಲೆಂದೇ ಇವನ್ನು ತಂದಿದ್ದರೆ ಒಂದು ಮಾತು: ಮನೆಯೊಳಗಿನ ಗಿಡ ಗಾಳಿ ಶುದ್ಧ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವಾದ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಆ ಕೆಲಸವನ್ನು ನಿಮ್ಮ ಮನೆಯಲ್ಲಿ ತೆರೆದ ಕಿಟಕಿ ಇನ್ನೂ ಚೆನ್ನಾಗಿ ಮಾಡುತ್ತದೆ. ಗಿಡ ಸಾಕಲು ಅದರ ಚೆಲುವೇ ಸಾಕಷ್ಟು ಕಾರಣ.

ಸಂಕ್ರಾಂತಿಯ ಹತ್ತು ದಿನಕ್ಕೆ ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗಳಿಗೆ ಏನೂ ಮಾಡಬೇಕಿಲ್ಲ. ಮನಿ ಪ್ಲಾಂಟಿನ ತುಂಡುಗಳು ನೀರಿನಲ್ಲೇ ಇರುತ್ತವೆ. ಹೊರಡುವ ಹಿಂದಿನ ದಿನ ಆ ನೀರು ಬದಲಾಯಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಅರೆಕಾಗೆ ಹೊರಡುವ ಬೆಳಿಗ್ಗೆ ಪೂರ್ತಿ ನೀರು ಹಾಕಿ, ಸೋರಿಸಿ, ಬಾಗಿಲಿನಿಂದ ಸ್ವಲ್ಪ ಒಳಗೆ ಸರಿಸಿದರೆ ಈ ಚಳಿಯಲ್ಲಿ ತಡೆಯುತ್ತದೆ. ಪೀಸ್ ಲಿಲಿಗೆ ಬತ್ತಿ ಬೇಕು. ಹಳೆಯ ಹತ್ತಿ ಪಂಚೆಯಿಂದ ಒಂದಿಂಚು ಅಗಲದ ಪಟ್ಟಿ ಹರಿದು, ಹುರಿ ಮಾಡಿ, ಪೂರ್ತಿ ನೆನೆಸಿ. ಒಂದು ತುದಿಯನ್ನು ಮೂರಿಂಚು ಮಣ್ಣೊಳಗೆ ಹುಗಿದು, ಇನ್ನೊಂದನ್ನು ಪಕ್ಕದ ನೀರಿನ ಡಬ್ಬಿಯ ತಳಕ್ಕೆ ಇಳಿಬಿಡಿ. ಡಬ್ಬಿಯ ಮುಚ್ಚಳದಲ್ಲಿ ಬತ್ತಿ ತೂರುವಷ್ಟೇ ತೂತಿರಲಿ. ಡಬ್ಬಿಯ ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಮೇಲಿದ್ದರೆ ನೀರು ತಾನಾಗಿ ಹರಿದು ಕುಂಡ ಕೆಸರಾಗುತ್ತದೆ, ಆದ್ದರಿಂದ ಮಟ್ಟ ಒಂದೆರಡು ಇಂಚು ಕೆಳಗೇ ಇರಲಿ. ಹೊರಡುವ ಎರಡು ಮೂರು ದಿನ ಮೊದಲೇ ಇದನ್ನು ಕಟ್ಟಿ, ಡಬ್ಬಿಗೆ ಪೆನ್ನಿನಲ್ಲಿ ಗೆರೆ ಎಳೆದು, ದಿನಕ್ಕೆ ನೀರು ಎಷ್ಟು ಇಳಿಯುತ್ತದೆ ಎಂದು ನೋಡಿಕೊಳ್ಳಿ. ಹತ್ತು ದಿನಕ್ಕೆ ಯಾವ ಗಾತ್ರದ ಡಬ್ಬಿ ಬೇಕೆಂಬುದು ಆ ಗೆರೆಯಿಂದಲೇ ಗೊತ್ತಾಗುತ್ತದೆ.